ಒಂದೂವರೆ ಪಟ್ಟು ವೇಗದಲ್ಲಿ ಯೋಚನೆ ಹತ್ತುತ್ತದೆಯೇ?

ಹೊಸ ಕಿವಿ: ನಡೆಯುವಾಗ ಕೇಳಲು ಸಾರ್ವಜನಿಕ ರೇಡಿಯೋದ ಪಾಡ್‌ಕಾಸ್ಟ್ ಹುಡುಕುತ್ತಿದ್ದೇನೆ. ಸುದ್ದಿ ಬೇಡ, ಹರಟೆಯೂ ಬೇಡ. ಕೇಳಿ ಮುಗಿಸಿದ ಮೇಲೆ ಎರಡು ದಿನ ತಲೆಯೊಳಗೆ ಕುಳಿತು ಕೊರೆಯಬೇಕು. ಒಂದೇ ಹೆಸರು ಹೇಳುವುದಾದರೆ ಯಾವುದು ಹೇಳುತ್ತೀರಿ?

ವೇಗದೂತ: ಬಿಬಿಸಿ ರೇಡಿಯೋ 4ರ ‘ಇನ್ ಅವರ್ ಟೈಮ್’. 1998ರಲ್ಲಿ ಶುರುವಾಯಿತು, ಸಾವಿರಕ್ಕೂ ಹೆಚ್ಚು ಸಂಚಿಕೆಗಳಿವೆ. ಒಂದು ವಿಷಯ, ಮೂವರು ವಿದ್ವಾಂಸರು, ಅಷ್ಟೇ. ಮೆಲ್ವಿನ್ ಬ್ರ್ಯಾಗ್ 2025ರಲ್ಲಿ ನಿರೂಪಣೆಯಿಂದ ಇಳಿದರು, ಆದರೆ ಹಳೆಯ ಸಂಚಿಕೆಗಳಲ್ಲಿ ಅವರು ದಾರಿ ತಪ್ಪಿದ ಪ್ರಾಧ್ಯಾಪಕರನ್ನು ವಿಷಯಕ್ಕೆ ಎಳೆದು ತರುವ ರೀತಿಯೇ ಒಂದು ಪಾಠ. ನಾನು ಒಂದೂವರೆ ಪಟ್ಟು ವೇಗ ಇಟ್ಟು, ಮೌನ ಕತ್ತರಿಸುವ ಆಯ್ಕೆಯನ್ನೂ ಒತ್ತಿ ಕೇಳುತ್ತೇನೆ. ಮುಕ್ಕಾಲು ಗಂಟೆಯ ಸಂಚಿಕೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಸಂಜೆಮಲ್ಲಿಗೆ: ಮೂವರು ವಿದ್ವಾಂಸರು ಕುಳಿತು ಮಾತನಾಡಿದ ಮಾತ್ರಕ್ಕೆ ಕೇಳುವವರಿಗೆ ಯೋಚನೆ ಹತ್ತುವುದಿಲ್ಲ. ‘ಇನ್ ದ ಡಾರ್ಕ್’ ಎಂಬ ಅಮೆರಿಕದ ತನಿಖಾ ಪಾಡ್‌ಕಾಸ್ಟ್‌ನ ಎರಡನೆಯ ಸರಣಿ ಕೇಳಿ, 2018ರದು. ಮಿಸಿಸಿಪ್ಪಿಯ ವಿನೋನಾ ಎಂಬ ಊರಿನ ಪೀಠೋಪಕರಣದ ಅಂಗಡಿಯಲ್ಲಿ 1996ರಲ್ಲಿ ನಾಲ್ವರ ಕೊಲೆಯಾಗುತ್ತದೆ. ಅದೇ ಕೊಲೆಗಳಿಗಾಗಿ ಕರ್ಟಿಸ್ ಫ್ಲವರ್ಸ್ ಎಂಬಾತನನ್ನು ಅದೇ ಸರ್ಕಾರಿ ವಕೀಲ ಆರು ಸಲ ವಿಚಾರಣೆಗೆ ಎಳೆಯುತ್ತಾನೆ. ವರದಿಗಾರರು ಅಲ್ಲಿಗೇ ಹೋಗಿ ತಿಂಗಳುಗಟ್ಟಲೆ ಇದ್ದು, ಆತ ಅಂದು ಬೆಳಗ್ಗೆ ನಡೆದನೆಂದು ಹೇಳಲಾದ ದಾರಿಯುದ್ದಕ್ಕೂ ತಾವೇ ನಡೆದು, ಕಂಡೆವು ಎಂದವರ ಬಾಗಿಲು ತಟ್ಟುತ್ತಾರೆ. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರನೆಯ ವಿಚಾರಣೆಯ ಶಿಕ್ಷೆಯನ್ನು ರದ್ದು ಮಾಡಿತು. 2020ರಲ್ಲಿ ಆರೋಪಗಳನ್ನೇ ಕೈಬಿಡಲಾಯಿತು. ಇದು ಕೊರೆಯದಿದ್ದರೆ ಇನ್ನೇನು ಕೊರೆಯುತ್ತದೆ?

ಹಳೆಯ ಟ್ರಾನ್ಸಿಸ್ಟರ್: ‘ಮೌನ ಕತ್ತರಿಸುವ ಆಯ್ಕೆ’ ಎಂದು ಓದಿದ ಮೇಲೆ ನನಗೆ ಮುಂದಿನದೇನೂ ಕಾಣಿಸಲಿಲ್ಲ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ, ವೇಗದೂತರೇ. ಮನುಷ್ಯ ಸುಮ್ಮನಾದಾಗಲೇ ಅವನ ಮುಖ ಕಾಣುವುದು. ಅಮೆರಿಕದ ರೇಡಿಯೋ ಕಾರ್ಯಕ್ರಮ ‘ದಿಸ್ ಅಮೆರಿಕನ್ ಲೈಫ್’ 2012ರ ಜನವರಿಯಲ್ಲಿ ರಂಗ ಕಲಾವಿದ ಮೈಕ್ ಡೇಸಿಯ ಕಥನವೊಂದನ್ನು ಪ್ರಸಾರ ಮಾಡಿತು. ಚೀನಾದಲ್ಲಿ ಆಪಲ್ ಉಪಕರಣ ತಯಾರಿಸುವ ಕಾರ್ಖಾನೆಯ ಕಾರ್ಮಿಕರನ್ನು ಕಂಡು ಬಂದ ಕಥೆ. ಇನ್ನೊಂದು ಸಾರ್ವಜನಿಕ ರೇಡಿಯೋ ಕಾರ್ಯಕ್ರಮದ ಚೀನಾ ವರದಿಗಾರ ಡೇಸಿಯ ದುಭಾಷಿಯನ್ನೇ ಪತ್ತೆ ಹಚ್ಚಿದಾಗ ಹಲವು ಸಂಗತಿಗಳು ಕಟ್ಟುಕಥೆ ಎಂದು ಬಯಲಾಯಿತು. ಮಾರ್ಚ್‌ನಲ್ಲಿ ಇಡೀ ಒಂದು ಸಂಚಿಕೆಯನ್ನು ತಪ್ಪೊಪ್ಪಿಗೆಗೇ ಮೀಸಲಿಟ್ಟರು. ಅದರಲ್ಲಿ ನಿರೂಪಕ ಐರಾ ಗ್ಲಾಸ್ ಪ್ರಶ್ನೆ ಕೇಳುತ್ತಾರೆ, ಡೇಸಿ ಬಾಯಿ ಬಿಡುವುದಿಲ್ಲ. ಕೇಳುವ ನಮಗೇ ಉಸಿರು ಕಟ್ಟುತ್ತದೆ. ಆ ಮೌನವನ್ನು ಕತ್ತರಿಸಿದರೆ ಉಳಿಯುವುದು ಬರಿಯ ಸಮಜಾಯಿಷಿ.

ಅಡಿಟಿಪ್ಪಣಿ: ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ‘ದಿಸ್ ಅಮೆರಿಕನ್ ಲೈಫ್’ ಅಮೆರಿಕದ ರಾಷ್ಟ್ರೀಯ ಸಾರ್ವಜನಿಕ ರೇಡಿಯೋ ಸಂಸ್ಥೆಯಾದ ಎನ್‌ಪಿಆರ್‌ನ ಕಾರ್ಯಕ್ರಮವಲ್ಲ. 1995ರಲ್ಲಿ ಷಿಕಾಗೋದ ಡಬ್ಲ್ಯುಬಿಇಝಡ್ ಕೇಂದ್ರದಲ್ಲಿ ಹುಟ್ಟಿದ್ದು. ‘ರೇಡಿಯೋಲ್ಯಾಬ್’ ಕೂಡ ಎನ್‌ಪಿಆರ್‌ನದಲ್ಲ, ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿಯದು. ‘ಹಿಡನ್ ಬ್ರೈನ್’ ಎಂಬ ಪಾಡ್‌ಕಾಸ್ಟ್ 2020ರಲ್ಲೇ ಎನ್‌ಪಿಆರ್ ಬಿಟ್ಟು ಹೊರಬಂದಿದೆ.

ವೇಗದೂತ: ‘ಬರಿಯ ಸಮಜಾಯಿಷಿ’ಯಂತೆ! ಭಾವುಕತೆ ಬಿಟ್ಟು ಪುರಾವೆಗೆ ಬನ್ನಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಉಪನ್ಯಾಸಗಳನ್ನು ಎರಡು ಪಟ್ಟು ವೇಗದಲ್ಲಿ ಕೇಳಿದ ವಿದ್ಯಾರ್ಥಿಗಳು ಸಹಜ ವೇಗದವರಷ್ಟೇ, ಹೆಚ್ಚು ಕಡಿಮೆಯಿಲ್ಲದೆ, ಅರ್ಥ ಮಾಡಿಕೊಂಡಿದ್ದರು. ನಾನಿರುವುದು ಒಂದೂವರೆಯಲ್ಲಿ. ವಾದ ಮುಗಿಯಿತು.

ಹಳೆಯ ಟ್ರಾನ್ಸಿಸ್ಟರ್: ಮುಗಿಯಲಿಲ್ಲ. ಆ ಅಧ್ಯಯನದ ಉಪನ್ಯಾಸಗಳು ಯಾವ ವಿಷಯದವು ಎಂದು ನೋಡಿದಿರಾ? ಒಂದು ಆಸ್ತಿಯ ಮೌಲ್ಯಮಾಪನ, ಇನ್ನೊಂದು ರೋಮ್ ಸಾಮ್ರಾಜ್ಯ. ಅದೂ ವಿಡಿಯೋ. ಆಸ್ತಿಗೆ ಬೆಲೆ ಕಟ್ಟುವುದನ್ನು ಎರಡು ಪಟ್ಟು ವೇಗದಲ್ಲಿ ಕಲಿಯಬಹುದು, ಒಪ್ಪುತ್ತೇನೆ. ಮನುಷ್ಯ ಸುಳ್ಳು ಹೇಳಿ ಸಿಕ್ಕಿಬಿದ್ದು ತಡವರಿಸುವುದನ್ನು ಕೇಳಲು ಆ ಲೆಕ್ಕ ಹೊಂದುತ್ತದೆಯೇ?

ವೇಗದೂತ: ‘ರೋಮ್ ಸಾಮ್ರಾಜ್ಯ’ ಎಂದು ನೀವೇ ಹೇಳಿದಿರಿ, ಧನ್ಯವಾದ. ನಾನು ಸೂಚಿಸಿದ್ದು ‘ಇನ್ ಅವರ್ ಟೈಮ್’. ಅಲ್ಲಿ ನಡೆಯುವುದೇ ಆ ಬಗೆಯ ಚರ್ಚೆ. ನನ್ನ ಪರವಾಗಿ ಸಾಕ್ಷಿ ಹೇಳಲು ಇಷ್ಟು ಸುತ್ತು ಬಳಸಬೇಕಿತ್ತೇ?

ಸಂಜೆಮಲ್ಲಿಗೆ: ಆರು ಸಲ ವಿಚಾರಣೆಗೊಳಗಾದ ಮನುಷ್ಯನ ಬಗ್ಗೆ ಬರೆದೆ. ಒಬ್ಬರಾದರೂ ಒಂದು ಸಾಲು ಬರೆದಿರಾ? ಎಲ್ಲರಿಗೂ ವೇಗದ ಗುಂಡಿಯದೇ ಚಿಂತೆ.

ಕತ್ತರಿ: ಧ್ವನಿ ಸಂಕಲನ ನನ್ನ ಕಸುಬು, ಆದ್ದರಿಂದ ಒಂದು ಮಾತು. ನೀವು ಪೂಜಿಸುತ್ತಿರುವ ಮೌನ ನಮ್ಮ ಕೈಯಲ್ಲಿ ತಯಾರಾಗುವ ಸರಕು. ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಅರ್ಧ ನಿಮಿಷ ಬರಿಯ ಕೋಣೆಯ ಸದ್ದನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ, ರೂಮ್ ಟೋನ್ ಎನ್ನುತ್ತೇವೆ. ಫ್ಯಾನಿನ ಗುಂಯ್‌ಗುಡುವಿಕೆ, ಗೋಡೆಯಾಚೆಯ ವಾಹನ, ಎಲ್ಲ ಅದರಲ್ಲಿರುತ್ತದೆ. ಮಾತು ಕತ್ತರಿಸಿದ ಕಡೆ ಆ ಸದ್ದಿನ ತುಂಡನ್ನು ತೇಪೆ ಹಾಕುತ್ತೇವೆ. ಇಲ್ಲದಿದ್ದರೆ ಕತ್ತರಿ ಬಿದ್ದದ್ದು ಕಿವಿಗೆ ತಟ್ಟುತ್ತದೆ. ಒಂದು ವಾಕ್ಯ ಭಾರವಾಗಿ ಕೇಳಿಸಬೇಕೆಂದರೆ ಅದಕ್ಕೆ ಮುನ್ನ ಹಿನ್ನೆಲೆ ಸಂಗೀತವನ್ನು ನಿಲ್ಲಿಸಿ, ಮುಗಿದ ಮೇಲೆ ಒಂದು ಸೆಕೆಂಡ್ ಖಾಲಿ ಬಿಡುತ್ತೇವೆ.

ವೇಗದೂತ: ನೋಡಿ, ಕಸುಬಿನವರೇ ಹೇಳಿದರು: ಮೌನ ‘ತಯಾರಾಗುವ ಸರಕು’. ಅವರು ಸೇರಿಸಿದ್ದನ್ನು ನಾನು ತೆಗೆಯುತ್ತೇನೆ.

ಹಳೆಯ ಟ್ರಾನ್ಸಿಸ್ಟರ್: ಅವರು ಹೇಳಿದ್ದು ಅದಲ್ಲ. ಒಂದು ಸೆಕೆಂಡನ್ನೂ ಅಳೆದು ಇಡುತ್ತೇವೆ ಎಂದರು. ಅಳೆದು ಇಟ್ಟದ್ದನ್ನು ನಿಮ್ಮ ಯಂತ್ರ ಅಳೆಯದೆ ಕೀಳುತ್ತದೆ.

ಕತ್ತರಿ: ಇಬ್ಬರೂ ನನ್ನನ್ನು ಸಾಕ್ಷಿ ಕಟ್ಟೆಗೆ ಹತ್ತಿಸಬೇಡಿ. ಡೇಸಿಯ ಮೌನ ಸಂಕಲನದ್ದಲ್ಲ, ಅದು ನಿಜವಾದದ್ದು ಎಂದು ಸೇರಿಸಬೇಕಿತ್ತು. ಆದರೆ ಎಷ್ಟು ಉಳಿಸಬೇಕು ಎಂದು ಯಾರೋ ಒಬ್ಬರು ಕುಳಿತು ತೀರ್ಮಾನಿಸಿರುತ್ತಾರೆ. ಅಷ್ಟೇ ನನ್ನ ಮಾತು.

ಹಳೆಯ ಟ್ರಾನ್ಸಿಸ್ಟರ್: ‘ನಿಜವಾದದ್ದು.’ ಸಾಕು, ನನಗೆ ಇನ್ನೇನೂ ಬೇಡ.

ತೆರಿಗೆದಾರ: 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಿಂತೆಗೆದುಕೊಂಡಿತು. ಸಣ್ಣ ಊರುಗಳ ಕೇಂದ್ರಗಳು ಉಳಿಯುತ್ತವೋ ಇಲ್ಲವೋ ಎಂಬ ಹೊತ್ತಿನಲ್ಲಿ ಇಲ್ಲಿ ಒಂದು ಸೆಕೆಂಡಿನ ಬಗ್ಗೆ ಕುಸ್ತಿ ನಡೆದಿದೆ.

ಅಡಿಟಿಪ್ಪಣಿ: ಆ ಹಣದಲ್ಲಿ ನೇರವಾಗಿ ಎನ್‌ಪಿಆರ್‌ಗೆ ಹೋಗುತ್ತಿದ್ದುದು ತೀರ ಅಲ್ಪ ಎಂಬುದು ನೆನಪಿರಲಿ. ಬಹುಪಾಲು ಸ್ಥಳೀಯ ಕೇಂದ್ರಗಳಿಗೆ ಹೋಗುತ್ತಿತ್ತು.

ತೆರಿಗೆದಾರ: ನಾನೂ ‘ಸಣ್ಣ ಊರುಗಳ ಕೇಂದ್ರಗಳು’ ಎಂದೇ ಬರೆದದ್ದು. ಓದಿ ಉತ್ತರಿಸುವ ಪದ್ಧತಿ ಇಲ್ಲಿಲ್ಲವೇ?

ಹಳೆಯ ಟ್ರಾನ್ಸಿಸ್ಟರ್: ‘ಒಂದು ಸೆಕೆಂಡಿನ ಬಗ್ಗೆ ಕುಸ್ತಿ’ ಎಂದು ಹಗುರ ಮಾಡಬೇಡಿ. ‘ರೇಡಿಯೋಲ್ಯಾಬ್’ನ 2012ರ ‘ದ ಫ್ಯಾಕ್ಟ್ ಆಫ್ ದ ಮ್ಯಾಟರ್’ ಕೇಳಿ. ಲಾವೋಸ್‌ನಿಂದ ಬಂದ ಹ್ಮಾಂಗ್ ಸಮುದಾಯದ ಹಿರಿಯರೊಬ್ಬರು ತಮ್ಮವರ ಮೇಲೆ ಸುರಿದ ‘ಹಳದಿ ಮಳೆ’ಯ ಬಗ್ಗೆ ಹೇಳುತ್ತಾರೆ. ಅದು ರಾಸಾಯನಿಕ ಅಸ್ತ್ರವಲ್ಲ, ಜೇನುಹುಳುಗಳ ಹಿಕ್ಕೆ ಎಂಬ ವಿಜ್ಞಾನಿಗಳ ವಾದವನ್ನು ಹಿಡಿದು ನಿರೂಪಕ ರಾಬರ್ಟ್ ಕ್ರುಲ್ವಿಚ್ ಪಟ್ಟು ಬಿಡದೆ ಪ್ರಶ್ನಿಸುತ್ತಾರೆ. ಅನುವಾದಿಸುತ್ತಿದ್ದ ಸೋದರನ ಮಗಳು ಅಳುತ್ತಾ ಸಂದರ್ಶನವನ್ನೇ ನಿಲ್ಲಿಸುತ್ತಾಳೆ. ಕೇಳುಗರು ಸಿಡಿದೆದ್ದರು, ಕ್ರುಲ್ವಿಚ್ ಕ್ಷಮೆ ಕೇಳಬೇಕಾಯಿತು. ಆ ಅಳುವನ್ನೂ ಒಂದೂವರೆ ಪಟ್ಟು ವೇಗದಲ್ಲೇ ಕೇಳುತ್ತೀರಾ?

ವೇಗದೂತ: ಕ್ರುಲ್ವಿಚ್ ಎಡವಿದ್ದು ಪ್ರಶ್ನೆ ಕೇಳಿದ ರೀತಿಯಲ್ಲಿ, ಕೇಳುಗರ ವೇಗದಲ್ಲಲ್ಲ. ನೀವು ಅಳುವನ್ನು ಗುರಾಣಿ ಮಾಡಿಕೊಂಡು ನನ್ನನ್ನು ಕಟುಕನನ್ನಾಗಿ ಚಿತ್ರಿಸುತ್ತಿದ್ದೀರಿ. ದಿನಕ್ಕೆ ಒಂದು ಗಂಟೆ ಸಿಗುವ ಮನುಷ್ಯ ಒಂದರ ಬದಲು ಎರಡು ಸಂಚಿಕೆ ಕೇಳಿದರೆ ನಿಮಗೇನು ಹೊಟ್ಟೆಯುರಿ?

ಹಳೆಯ ಟ್ರಾನ್ಸಿಸ್ಟರ್: ‘ಹೊಟ್ಟೆಯುರಿ’! ಸರಿ ಸ್ವಾಮಿ. ಎರಡಲ್ಲ, ನಾಲ್ಕು ಕೇಳಿ. ವಾರದ ಕೊನೆಯಲ್ಲಿ ಅವುಗಳಲ್ಲಿ ಒಂದರ ಬಗ್ಗೆ ನಾಲ್ಕು ವಾಕ್ಯ ಬರೆದು ತೋರಿಸಿ.

ವೇಗದೂತ: ಈಗಲೇ ಬರೆಯುತ್ತೇನೆ. ‘ಇನ್ ಅವರ್ ಟೈಮ್’ ಪಾಡ್‌ಕಾಸ್ಟ್‌ನಲ್ಲಿ ಪ್ರಸಾರ ಮುಗಿದ ಮೇಲೂ ಕೆಲವು ನಿಮಿಷ ಮಾತು ಮುಂದುವರಿಯುತ್ತದೆ. ಏನು ಬಿಟ್ಟುಹೋಯಿತು ಎಂದು ಅತಿಥಿಗಳು ಹೇಳಿಕೊಳ್ಳುತ್ತಾರೆ. ಆಗ ನಿರ್ಮಾಪಕರು ಬಂದು ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳುತ್ತಾರೆ. ರೇಡಿಯೋದಲ್ಲಿ ಮಾತ್ರ ಕೇಳುವವರಿಗೆ ಇದು ಗೊತ್ತೇ ಇರುವುದಿಲ್ಲ. ನಾಲ್ಕರ ಬದಲು ಐದು ವಾಕ್ಯ ಆಯಿತು.

ಹಳೆಯ ಟ್ರಾನ್ಸಿಸ್ಟರ್: ಸಾವಿರ ಸಂಚಿಕೆಗಳಿಂದ ನಿಮಗೆ ನೆನಪಿರುವುದು ಚಹಾ. ಇದನ್ನು ನಾನು ಹೇಳಿಸಬೇಕಾಗಿರಲಿಲ್ಲ.

ಸಂಜೆಮಲ್ಲಿಗೆ: ಇನ್ನೊಂದು ಸಲ ಹೇಳುತ್ತೇನೆ, ಆಮೇಲೆ ಹೋಗುತ್ತೇನೆ. ‘ಇನ್ ದ ಡಾರ್ಕ್’, ಎರಡನೆಯ ಸರಣಿ. ಸರ್ಕಾರಿ ವಕೀಲರ ಕಚೇರಿ ಕಪ್ಪು ಜನರನ್ನು ಜ್ಯೂರಿಯಿಂದ ಹೇಗೆ ಹೊರಗಿಟ್ಟಿತು ಎಂದು ತೋರಿಸಲು ಆ ತಂಡ ಹಳೆಯ ನ್ಯಾಯಾಲಯದ ಕಡತಗಳನ್ನು ಒಂದೊಂದಾಗಿ ಕೂತು ಎಣಿಸಿತು. ನೀವು ಇಲ್ಲಿ ಸೆಕೆಂಡ್ ಎಣಿಸುತ್ತಿದ್ದೀರಿ.

ಅಡಿಟಿಪ್ಪಣಿ: ಅದು ಈಗ ಸಾರ್ವಜನಿಕ ರೇಡಿಯೋದ್ದಲ್ಲ. 2023ರಿಂದ ‘ನ್ಯೂಯಾರ್ಕರ್’ ಪತ್ರಿಕೆಯ ಬಳಿ ಇದೆ. ಕೇಳಿದ ಪ್ರಶ್ನೆಯ ಪ್ರಕಾರ ಪಟ್ಟಿಯಿಂದ ತೆಗೆಯಬೇಕು.

ಸಂಜೆಮಲ್ಲಿಗೆ: 2018ರಲ್ಲಿ ಅದನ್ನು ಮಾಡಿದ್ದು ಅಮೆರಿಕನ್ ಪಬ್ಲಿಕ್ ಮೀಡಿಯಾದ ವರದಿ ತಂಡ. ನಾನು ಹೇಳಿದ್ದು 2018ರ ಸರಣಿಯನ್ನು. ಮೂರನೆಯ ಸಲ ಬರೆಯುತ್ತಿದ್ದೇನೆ ಆ ಇಸವಿಯನ್ನು!

ಅಡಿಟಿಪ್ಪಣಿ: ತಂಡದ ಬಗ್ಗೆ ತಕರಾರಿಲ್ಲ. ‘ಈಗ’ ಎಂದೇ ನಾನು ಬರೆದದ್ದು.

ಕತ್ತರಿ: ನಾನು ಹೆಸರೇ ಹೇಳಲಿಲ್ಲವಲ್ಲ. 1948ರಲ್ಲಿ ಬರ್ಟ್ರಂಡ್ ರಸೆಲ್ ಅವರಿಂದ ಶುರುವಾದ ಬಿಬಿಸಿಯ ರೀತ್ ಉಪನ್ಯಾಸಗಳು. ಒಬ್ಬ ಮನುಷ್ಯ, ಒಂದು ಮೈಕು. ಕತ್ತರಿಗೆ ಅಷ್ಟಾಗಿ ಕೆಲಸವಿಲ್ಲ. ಬಹುಶಃ ಅದಕ್ಕೇ ನನಗೆ ಇಷ್ಟ.

ಹೊಸ ಕಿವಿ: ಮೂರು ದಿನ ಇತ್ತ ಬರಲಾಗಲಿಲ್ಲ. ಸಂಜೆಮಲ್ಲಿಗೆಯವರು ಹೇಳಿದ ಸರಣಿಯ ಮೊದಲ ಎರಡು ಸಂಚಿಕೆ ಕೇಳಿದೆ. ಎರಡನೆಯದರಲ್ಲಿ ಅವರು ಆ ದಾರಿಯ ಬೆನ್ನು ಹತ್ತುತ್ತಾರಲ್ಲ, ಆಗ ನಾನೂ ನಡೆಯುತ್ತಿದ್ದೆ. ನಿನ್ನೆ ಇದೇ ಹೊತ್ತಿನಲ್ಲಿ ನನ್ನ ಎದುರಿಗೆ ಯಾರು ಯಾರು ಹಾದುಹೋದರು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದು ಮುಖವೂ ಬರಲಿಲ್ಲ, ಅಂಗಿಯ ಬಣ್ಣವಂತೂ ದೂರವೇ ಉಳಿಯಿತು. ಹೆಜ್ಜೆ ತಾನಾಗಿ ನಿಂತಿತು. ಇನ್ನೂ ಅದೇ ತಲೆಯಲ್ಲಿದೆ.

ವೇಗದೂತ: ಎಷ್ಟು ವೇಗದಲ್ಲಿ ಕೇಳಿದಿರಿ?

ಹೊಸ ಕಿವಿ: ಇದ್ದ ವೇಗದಲ್ಲೇ. ಅದನ್ನು ಬದಲಿಸುವ ಗುಂಡಿ ಎಲ್ಲಿದೆ ಎಂದೂ ನನಗೆ ಗೊತ್ತಿಲ್ಲ.

ಹಳೆಯ ಟ್ರಾನ್ಸಿಸ್ಟರ್: ನೋಡಿದಿರಾ?

ವೇಗದೂತ: ಸಾಮಾನ್ಯವಾಗಿ ಪರದೆಯ ಕೆಳಭಾಗದಲ್ಲಿರುತ್ತದೆ.