ಮಕ್ಕಳ ಲಸಿಕೆಗೆ ಆರು ತಿಂಗಳ ಮೀಸಲು ದಾಸ್ತಾನು ಬೇಕಾ?

ತುಂಗಾತೀರ:
2008ರ ಜನವರಿ ನೆನಪಿದೆಯಾ? ಹಿಮಾಚಲದ ಕಸೌಲಿ, ತಮಿಳುನಾಡಿನ ಕೂನೂರು, ಚೆನ್ನೈನ ಗಿಂಡಿ, ಈ ಮೂರೂ ಸರ್ಕಾರಿ ಲಸಿಕೆ ಘಟಕಗಳ ಲೈಸೆನ್ಸ್ ಅಮಾನತಾಯಿತು. ತಯಾರಿಕೆ ಗುಣಮಟ್ಟ ಸರಿಯಿಲ್ಲ ಅನ್ನೋದು ಕಾರಣ. ಅದೇನೋ ಸರಿ, ಆದರೆ ಬಿಸಿಜಿ (ಕ್ಷಯದ ಲಸಿಕೆ), ಡಿಪಿಟಿಗೆ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಸರ್ಕಾರಿ ಲಸಿಕೆ ಕಾರ್ಯಕ್ರಮ ಹೆಚ್ಚಾಗಿ ನಂಬಿಕೊಂಡಿದ್ದೇ ಇವನ್ನು. ಅಮಾನತು ತೆರವಾಗಿದ್ದು 2010ರಲ್ಲಿ. ಪ್ರತಿ ಲಸಿಕೆಗೂ ಆರು ತಿಂಗಳ ಮೀಸಲು ಇರಲೇಬೇಕು. ಅದಕ್ಕೆ ಬಜೆಟ್‌ನಲ್ಲೇ ಬೇರೆ ಹಣ ಎತ್ತಿಡಬೇಕು.

ಲೆಕ್ಕದ_ಮನುಷ್ಯ:
ಲಸಿಕೆಗೂ ಎಕ್ಸ್‌ಪೈರಿ ಇದೆ. ಆರು ತಿಂಗಳ ಮಾಲು ಕೊಳೆತರೆ ಹೊಣೆ ಯಾರು? ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗಲೇ ಶೇ. 25 ಬಫರ್ ಅಂತ ಹೆಚ್ಚುವರಿ ಸೇರಿಸುತ್ತಾರೆ. ಜಾಸ್ತಿ ಹಣ ಇದ್ದರೆ ಖಾಲಿ ಇರುವ ನರ್ಸ್ ಹುದ್ದೆ ತುಂಬಲಿ.

ತುಂಗಾತೀರ:
ಯಾಕೆ ಕೊಳೆಯುತ್ತೆ? ಅಮೆರಿಕದಲ್ಲಿ 1983ರಿಂದ ಇಂಥ ಮೀಸಲು ಇದೆ. ಕಂಪನಿ ಗೋದಾಮಿನಲ್ಲೇ ಇಡುತ್ತಾರೆ. ಹಳೆಯದು ಮಾಮೂಲಿ ಬಳಕೆಗೆ ಹೋಗುತ್ತೆ, ಆ ಜಾಗಕ್ಕೆ ಹೊಸದು ಬರುತ್ತೆ. ದೊಡ್ಡ ಖರ್ಚು ಮೊದಲ ಸಲ ಮಾತ್ರ.

ಪಿಎಚ್‌ಸಿ_ಅಕ್ಕ:
ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವವಳು. ಕೊರತೆ ಬಂದಾಗ ಕೆಳಗೆ ಏನಾಗುತ್ತೆ ಹೇಳ್ತೀನಿ. ಬಿಸಿಜಿಯ ಒಂದು ವಯಲ್ (ಪುಟ್ಟ ಬಾಟಲಿ) ಹಲವು ಕೂಸುಗಳಿಗೆ ಆಗುತ್ತೆ, ಆದರೆ ಒಮ್ಮೆ ಕಲಸಿದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದಿದ್ದನ್ನು ಚೆಲ್ಲಬೇಕು. ಸ್ಟಾಕ್ ಕಮ್ಮಿ ಇದ್ದರೆ ಎರಡೇ ಕೂಸಿಗೆ ಅಂತ ವಯಲ್ ಒಡೆಯೋಕೆ ಕೈ ಬರಲ್ಲ. ‘ಮುಂದಿನ ಗುರುವಾರ ಬಾರಮ್ಮ’ ಅಂತೀವಿ. ಕೂಲಿ ಬಿಟ್ಟು ಬಂದವಳು ಮತ್ತೆ ಬರ್ತಾಳಾ? ನರ್ಸ್ ಬೇಕು, ಒಪ್ಪಿದೆ. ಆದರೆ ಬಾಕ್ಸ್ ಖಾಲಿ ಇದ್ದರೆ ನರ್ಸ್ ಏನು ಹಾಕಬೇಕು?

ಹೊಸಪೇಟೆ_ಓದುಗ:
ದುಡ್ಡಿದ್ದರೂ ಮಾಲು ಸಿಗದ ಕಾಲ ಇರುತ್ತೆ. 2016ರಲ್ಲಿ ಪೋಲಿಯೊ ಇಂಜೆಕ್ಷನ್‌ಗೆ ಜಗತ್ತಿನಾದ್ಯಂತ ಅಭಾವ. ಆಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ 0.5 ಎಂಎಲ್ ಬದಲು 0.1 ಎಂಎಲ್ ಅನ್ನು ಚರ್ಮದೊಳಗೆ, ಎರಡು ಸಲ ಕೊಡೋಕೆ ಶುರು ಮಾಡಿದರು. ಅದು ಜಾಣ ಉಪಾಯ. ಆದರೆ ಎಲ್ಲ ಲಸಿಕೆಯಲ್ಲೂ ಹೀಗೆ ಉಳಿಸೋಕಾಗಲ್ಲ. ಮೀಸಲಿನ ಜೊತೆ ಎರಡನೇ ತಯಾರಕರೂ ಬೇಕು.

ಲೆಕ್ಕದ_ಮನುಷ್ಯ:
ಹಾಗಾದರೆ ಒಬ್ಬಿಬ್ಬರೇ ತಯಾರಿಸುವ ಲಸಿಕೆಗಳಿಂದ ಶುರು ಮಾಡಲಿ, ಮೂರು ತಿಂಗಳಿಗೆ. ಎಲ್ಲದಕ್ಕೂ ಆರು ತಿಂಗಳು ಅಂದರೆ ಹಣಕಾಸು ಇಲಾಖೆ ಫೈಲ್ ಮುಚ್ಚಿ ಕೂರುತ್ತೆ.

ತುಂಗಾತೀರ:
ಮೂರು ಸಾಲಲ್ಲ. ಒಂದು ಬ್ಯಾಚ್ ತಯಾರಾಗಿ, ಪರೀಕ್ಷೆ ಮುಗಿಸಿ ಹೊರಬರೋಕೇ ತಿಂಗಳುಗಟ್ಟಲೆ ಬೇಕು. ಒಬ್ಬಿಬ್ಬರೇ ತಯಾರಿಸುವ ಲಸಿಕೆಗಳಿಂದ ಶುರು ಅನ್ನೋದು ಒಪ್ಪಿದೆ, ಆರು ತಿಂಗಳು ಬಿಡಲ್ಲ. ಖರೀದಿಯೂ ಮೂರು ವರ್ಷದ ಕರಾರಾಗಲಿ. ಆರ್ಡರ್ ಖಚಿತ ಇಲ್ಲದೆ ಎರಡನೇ ಕಂಪನಿ ಯಾಕೆ ಬರುತ್ತೆ?

ಪಿಎಚ್‌ಸಿ_ಅಕ್ಕ:
ಎಷ್ಟೇ ಇಡಿ, ಅದರಲ್ಲಿ ಜಿಲ್ಲೆಗೊಂದು ಪಾಲು ಮೊದಲೇ ಬರಲಿ. ಮೀಸಲೆಲ್ಲ ದೂರದ ಗೋದಾಮಿನಲ್ಲೇ ಇದ್ದರೆ ನಮ್ಮ ಗುರುವಾರ ತಪ್ಪೇ ತಪ್ಪುತ್ತೆ.