ಡೇನಿಶ್ ಕಣಕಕ್ಕೆ ನಾಟಾ ಹೂರಣ: ಕಾರವಾರದ ಸೆಕೆಯಲ್ಲಿ ಬೆಣ್ಣೆ ನಿಲ್ಲುತ್ತಿಲ್ಲ

ಕೋಡಿಬಾಗದ ಓವನ್ (ಪ್ರಶ್ನೆ)

ಪೋರ್ಚುಗೀಸರ ಪಾಸ್ಟೆಲ್ ಡಿ ನಾಟಾದ (ಪದರದ ಚಿಪ್ಪಿನಲ್ಲಿ ಕಸ್ಟರ್ಡ್ ತುಂಬಿ ಬೇಯಿಸುವ ಪುಟ್ಟ ತಿಂಡಿ) ಮೊಟ್ಟೆ ಕಸ್ಟರ್ಡನ್ನು ಡೇನಿಶ್ ಪೇಸ್ಟ್ರಿಯ ಕಣಕದಲ್ಲಿ (ನಡುನಡುವೆ ಬೆಣ್ಣೆಯ ಪದರವಿರುವ ಯೀಸ್ಟ್ ಹಿಟ್ಟು) ತುಂಬಿ ಬೇಯಿಸುತ್ತಿದ್ದೇನೆ. ಚೌಕದ ನಾಲ್ಕೂ ಮೂಲೆಯನ್ನು ನಡುವಿಗೆ ಮಡಚಿ ಅಲ್ಲೇ ಹೂರಣ ಹಾಕುವ ಸ್ಪಾಂಡವರ್ ಆಕಾರ.

ಅಳತೆ: ಮೈದಾ 250 ಗ್ರಾಂ, ತಣ್ಣನೆ ಹಾಲು 110 ಮಿ.ಲೀ., ಮೊಟ್ಟೆ 1, ಸಕ್ಕರೆ 30 ಗ್ರಾಂ, ಉಪ್ಪು 4, ಇನ್‌ಸ್ಟಂಟ್ ಯೀಸ್ಟ್ 5, ಕಣಕಕ್ಕೆ ಬೆಣ್ಣೆ 25, ಪದರಕ್ಕೆ ಉಪ್ಪಿಲ್ಲದ ಬೆಣ್ಣೆ 125. ಮೂರು ಪಟ್ಟಿನ ಮಡಿಕೆ ಮೂರು ಸಲ. ಅಡುಗೆಮನೆ 31 ಡಿಗ್ರಿ. ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) 28 ಲೀಟರಿನದು, ಡಯಲ್ 250ಕ್ಕೆ ಮುಗಿಯುತ್ತದೆ.

ಒಂದೂವರೆ ಗಂಟೆ ಉಬ್ಬಲು ಬಿಟ್ಟು ಓವನ್ನಿಗೆ ಇಟ್ಟರೆ ತಟ್ಟೆ ತುಂಬ ಬೆಣ್ಣೆ. ಒಳಗೆ ಪದರವಿಲ್ಲ, ಬನ್ನಿನ ಹಾಗೆ ತಿರುಳು. ಕಸ್ಟರ್ಡ್ ಸಂದಿಯಿಂದ ಸೋರುತ್ತದೆ, ಉಳಿದದ್ದು 250 ಡಿಗ್ರಿಯಲ್ಲಿ ಒಡೆದು ಕಾಳುಕಾಳಾಗುತ್ತದೆ. ಅಡಿ ಹಸಿ. 200ಕ್ಕೆ ಇಳಿಸಿದರೆ ನಾಟಾದ ಆ ಕಪ್ಪು ಕಲೆಗಳು ಬರುವುದಿಲ್ಲ. ಲಟ್ಟಿಸುವುದರಲ್ಲೇ ತಪ್ಪಿದೆಯೇ? ಅಂಕೋಲೆಯ ಇಶಾಡ ಮಾವಿನ ರಸ ಸೇರಿಸಬಹುದೇ?

ಶಿರಸಿ ಪದರ

ಅಳತೆ ಸರಿಯಾಗಿದೆ, ಅದನ್ನು ಮುಟ್ಟಬೇಡಿ. ತಪ್ಪು ಇರುವುದು ಉಬ್ಬಲು ಇಡುವ ಜಾಗದಲ್ಲಿ. ಬೆಣ್ಣೆ ಪೂರ್ತಿ ಕರಗುವುದು 32–35 ಡಿಗ್ರಿಯಲ್ಲಾದರೂ 28 ದಾಟುತ್ತಿದ್ದಂತೆ ಎಣ್ಣೆ ಬಿಟ್ಟು ಹಿಟ್ಟಿನೊಳಗೆ ಇಳಿಯುತ್ತದೆ. 31 ಡಿಗ್ರಿಯಲ್ಲಿ ಒಂದೂವರೆ ಗಂಟೆ ಎಂದರೆ ನೀವು ಕಷ್ಟಪಟ್ಟು ಮಾಡಿದ ಪದರವೆಲ್ಲ ಓವನ್ ಕಾಣುವ ಮೊದಲೇ ಮುಗಿದಿರುತ್ತದೆ. ಬನ್ನಿನ ತಿರುಳಿಗೆ ಅದೇ ಕಾರಣ.

ಒಂದು ವ್ಯತ್ಯಾಸ ಗಮನಿಸಿ. ಬೇಯಿಸುವ ಮೊದಲೇ ಮೇಲ್ಮೈ ಜಿಡ್ಡಾಗಿ ಹೊಳೆಯುತ್ತಿದ್ದರೆ ಬಿಸಿ ಜಾಸ್ತಿಯಾಗಿದೆ. ಹೊರಗೆ ಸರಿಯಾಗಿ ಕಂಡು ಓವನ್ನಿನಲ್ಲಿ ಬೆಣ್ಣೆ ಹರಿದು, ತಿರುಳು ಗಟ್ಟಿಯಾಗಿ, ಪಕ್ಕ ಹರಿದುಕೊಂಡರೆ ಉಬ್ಬಿದ್ದು ಸಾಲದು. ಎರಡರಲ್ಲೂ ಬೆಣ್ಣೆ ಸೋರುತ್ತದೆ, ಆದರೆ ಪರಿಹಾರ ತದ್ವಿರುದ್ಧ. ನಿಮ್ಮದು ಮೊದಲನೆಯದು.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಟ್ಟೆ ಇಟ್ಟು, ಬಟ್ಟೆ ಸುತ್ತಿದ ಒಂದು ಲೀಟರಿನ ಐಸ್ ಬಾಟಲಿ ಮೂಲೆಗಿಡಿ. ಒಳಗೊಂದು ಥರ್ಮಾಮೀಟರ್ ಇರಲಿ. 25–26ರಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಅಂಚಿನಲ್ಲಿ ಪದರದ ಗೆರೆ ಬಿಚ್ಚಿಕೊಂಡಿರಬೇಕು, ತಟ್ಟೆ ಅಲುಗಿಸಿದರೆ ತುಂಡುಗಳು ಮೆತ್ತಗೆ ನಡುಗಬೇಕು.

ಕರಾವಳಿಗೆ ಮೂರು ಮಡಿಕೆ ಬೇಡ. ಮೊದಲು ನಾಲ್ಕು ಪಟ್ಟು, ಆಮೇಲೆ ಮೂರು ಪಟ್ಟು, ಅಷ್ಟೇ. ಬೆಣ್ಣೆಯ ಪದರ 27ರ ಬದಲು 12 ಆಗುತ್ತದೆ. ಕೈಯಾಡಿಸುವುದು ಒಂದು ಸುತ್ತು ಕಡಿಮೆಯಾಗುವುದರಿಂದ ಆ 12 ಉಳಿಯುತ್ತವೆ. ಕರಗಿದ 27ರಿಂದ ಏನೂ ಪ್ರಯೋಜನವಿಲ್ಲ. ಬೆಣ್ಣೆಯನ್ನು 15 ಸೆಂ.ಮೀ. ಚೌಕವಾಗಿ ತಟ್ಟಿ, 22 ಸೆಂ.ಮೀ. ಕಣಕದೊಳಗೆ ಮುಚ್ಚಿ. ಬಗ್ಗಿಸಿದರೆ ಬೆಣ್ಣೆ ಬಿರಿಯದೆ ಬಾಗಬೇಕು, ಅದು 12–15 ಡಿಗ್ರಿಯ ಸ್ಥಿತಿ. ಫ್ರಿಜ್‌ನಿಂದ ತೆಗೆದ ಕೂಡಲೇ ಲಟ್ಟಿಸಿದರೆ ಒಳಗೆ ಚೂರುಚೂರಾಗುತ್ತದೆ. ಪ್ರತಿ ಸುತ್ತು ನಾಲ್ಕು ನಿಮಿಷದೊಳಗೆ ಮುಗಿಸಿ 40 ನಿಮಿಷ ಫ್ರಿಜ್‌ಗೆ. ನಿಮ್ಮ ಕಡೆ ತಣ್ಣನೆ ಕಣಕ ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಆ ನೀರು ಅಂಟಾಗಿ ಕಣಕ ಹರಿಯುತ್ತದೆ, ಹಾಗಾಗಿ ತೆಳುವಾಗಿ ಮೈದಾ ಉದುರಿಸಿ, ಮಡಚುವ ಮೊದಲು ಬ್ರಷ್‌ನಿಂದ ಪೂರ್ತಿ ಗುಡಿಸಿ.

ಕೊನೆಗೆ 40×30 ಸೆಂ.ಮೀ., 4 ಮಿ.ಮೀ. ದಪ್ಪ. 10 ಸೆಂ.ಮೀ. ಚೌಕ 12 ಸಿಗುತ್ತವೆ. ಮೊಟ್ಟೆ ಮೇಲ್ಮೈಗೆ ಮಾತ್ರ ಸವರಿ. ಕತ್ತರಿಸಿದ ಅಂಚಿಗೆ ಹತ್ತಿದರೆ ಪದರಗಳು ಅಂಟಿ ಏಳುವುದಿಲ್ಲ.

ಕುಮಟಾ ಕಸ್ಟರ್ಡ್

ಕಣಕದ ವಿಷಯ ಮೇಲಿನವರು ಹೇಳಿದ್ದು ಸರಿ. ಹೂರಣದ್ದು ಬೇರೆ ಜಗಳ. 1837ರಿಂದ ಲಿಸ್ಬನ್ನಿನ ಬೆಲೆಮ್‌ನಲ್ಲಿ ಮಾರುತ್ತಿರುವ ಈ ತಿಂಡಿಗೆ ಬೇಕಾದದ್ದು ಉರಿಯುವ ಓವನ್, ಸಾಮಾನ್ಯವಾಗಿ 250ಕ್ಕೂ ಮೇಲೆ. ಅದರ ಚಿಪ್ಪಿನಲ್ಲಿ ಯೀಸ್ಟ್ ಇಲ್ಲ, ತೆಳು ಬೇರೆ, ಹಾಗಾಗಿ ತೆಳ್ಳನೆ ಕಸ್ಟರ್ಡ್ ಗಟ್ಟಿಯಾಗುವಷ್ಟರಲ್ಲಿ ಚಿಪ್ಪೂ ಬೆಂದಿರುತ್ತದೆ. ಡೇನಿಶ್ ಕಣಕದಲ್ಲಿ ಯೀಸ್ಟೂ ಸಕ್ಕರೆಯೂ ಇವೆ; ಅದು ಆ ಶಾಖದಲ್ಲಿ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಆದ್ದರಿಂದ ಶಾಖ ಕಣಕದ್ದು, ರುಚಿ ನಾಟಾದ್ದು ಎಂದು ಹಂಚಿಕೊಳ್ಳಿ. ಕಸ್ಟರ್ಡನ್ನು ಒಲೆಯ ಮೇಲೇ ಪೂರ್ತಿ ಬೇಯಿಸಿಬಿಡಿ.

12ಕ್ಕೆ: ಸಕ್ಕರೆ 75 ಗ್ರಾಂ, ನೀರು 40 ಮಿ.ಲೀ., ಒಂದು ತುಂಡು ದಾಲ್ಚಿನ್ನಿ, ಲಿಂಬೆ ಸಿಪ್ಪೆ ಎರಡು ಪಟ್ಟಿ (ಬಿಳಿ ಭಾಗ ಬಂದರೆ ಕಹಿ). ಕಲಕದೆ 105 ಡಿಗ್ರಿವರೆಗೆ ಕುದಿಸಿ ಸೋಸಿ. ಹಾಲು 150 ಮಿ.ಲೀ.ಗೆ ಮೈದಾ 9 ಗ್ರಾಂ, ಕಾರ್ನ್‌ಫ್ಲೋರ್ 8 ಗ್ರಾಂ ಗಂಟಿಲ್ಲದಂತೆ ಕಲಸಿ ಬಿಸಿ ಮಾಡಿ. ದಪ್ಪವಾದಾಗ ಪಾಕವನ್ನು ಎಳೆಯಾಗಿ ಸುರಿದು ಕೆಳಗಿಳಿಸಿ. ಮೂರು ಹಳದಿ ಲೋಳೆಗೆ ಅದರಿಂದ ಎರಡು ಸೌಟು ಹಾಕಿ ಕಲಕಿ, ಮತ್ತೆ ಪಾತ್ರೆಗೆ ಸೇರಿಸಿ, ಗುಳ್ಳೆ ಎದ್ದ ಮೇಲೆ ಪೂರ್ತಿ ಒಂದು ನಿಮಿಷ ಕಲಕುತ್ತಲೇ ಬೇಯಿಸಿ. ಪಿಷ್ಟ ಇರುವುದರಿಂದ ಒಡೆಯುವುದಿಲ್ಲ. ಈ ಒಂದು ನಿಮಿಷ ಬಿಡಲೇಬಾರದು: ಹಳದಿಯಲ್ಲಿ ಪಿಷ್ಟ ಕರಗಿಸುವ ಕಿಣ್ವ ಇದೆ. ಅದು ಸಾಯದಿದ್ದರೆ ಇವತ್ತು ಗಟ್ಟಿಯಿದ್ದ ಕಸ್ಟರ್ಡ್ ನಾಳೆ ನೀರು. ಪ್ಲಾಸ್ಟಿಕ್ ಹಾಳೆಯನ್ನು ಮೇಲ್ಮೈಗೆ ತಾಗಿಸಿ ಮುಚ್ಚಿ ತಣಿಸಿ.

ಉಬ್ಬಿದ ಮೇಲೆ ನಡುವನ್ನು ಗ್ಲಾಸಿನ ತಳದಿಂದ ಒತ್ತಿ, ಫೋರ್ಕ್‌ನಿಂದ ಚುಚ್ಚಿ, ಒಂದು ಚಮಚ ಗೋಡಂಬಿ ಪುಡಿ ಹರಡಿ (ಹಸಿ ಅಡಿಗೆ ಇದೇ ಮದ್ದು), ಮೇಲೆ 25 ಗ್ರಾಂ ಕಸ್ಟರ್ಡ್. 20 ನಿಮಿಷ ಮೊದಲೇ ಕಾಯಿಸಿದ ಓವನ್ನಿನಲ್ಲಿ, ಕೆಳಗಿನ ಹಂತದಲ್ಲಿ, 200ಕ್ಕೆ 15–16 ನಿಮಿಷ. ನಂತರ ತಟ್ಟೆ ಮೇಲಿನ ಹಂತಕ್ಕೆ, ಮೇಲಿನ ರಾಡ್ ಮಾತ್ರ, 2–3 ನಿಮಿಷ. ಎದುರೇ ನಿಂತಿರಿ. ಕಪ್ಪು ಕಲೆ ಆಗ ಬರುತ್ತದೆ.

ಕೋಡಿಬಾಗದ ಓವನ್

ಉಬ್ಬುವ ಜಾಗದ ಬಗ್ಗೆ ಯೋಚಿಸಿಯೇ ಇರಲಿಲ್ಲ, ಇಬ್ಬರಿಗೂ ಧನ್ಯವಾದ. ಚೌಕ ಬಿಟ್ಟು ಇದೇ ಕಣಕವನ್ನು ನಾಟಾದ ಹಾಗೆ ಮಫಿನ್ ಅಚ್ಚಿಗೆ ಒತ್ತಿದರೆ ಸೋರುವ ಭಯವೇ ಇಲ್ಲವಲ್ಲ?

ಶಿರಸಿ ಪದರ

ಬೇಡ. ನಾಟಾದ ಚಿಪ್ಪು ನಮ್ಮ ಚಿರೋಟಿಯ ನೆಂಟ: ಹಾಳೆಯನ್ನು ಚಾಪೆಯಂತೆ ಸುತ್ತಿ, ಅಡ್ಡ ಕತ್ತರಿಸಿ, ಸುರುಳಿ ಮೇಲೆ ಬರುವಂತೆ ಅಚ್ಚಿಗಿಟ್ಟು, ಒದ್ದೆ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುವುದು. ಯೀಸ್ಟಿನ ಕಣಕ ಅಲ್ಲಿ ನಿಲ್ಲುವುದಿಲ್ಲ. ಮೊದಲು ಕುಗ್ಗುತ್ತದೆ, ಆಮೇಲೆ ಉಬ್ಬಿ ಬಟ್ಟಲಿನ ಬಾಯಿ ಮುಚ್ಚಿ ಕಸ್ಟರ್ಡನ್ನು ಹೊರಗೆ ತಳ್ಳುತ್ತದೆ. ಅಚ್ಚೇ ಬೇಕೆಂದರೆ ಯೀಸ್ಟ್ ಬಿಡಬೇಕು. ಆಗ ಅದು ಬರೀ ನಾಟಾ, ನೀವು ಕೇಳಿದ ಬೆರಕೆ ಆಗುವುದಿಲ್ಲ.

ಕುಮಟಾ ಕಸ್ಟರ್ಡ್

ಇಶಾಡ ರಸವನ್ನು ಕಸ್ಟರ್ಡಿಗೆ ಕಲಸಬೇಡಿ, ನೀರು ಜಾಸ್ತಿಯಾಗಿ ತೆಳುವಾಗುತ್ತದೆ. 200 ಗ್ರಾಂ ರಸವನ್ನು ಸಣ್ಣ ಉರಿಯಲ್ಲಿ 100ಕ್ಕೆ ಇಳಿಸಿ, ಚಮಚ ಎಳೆದ ಗೆರೆ ಮುಚ್ಚದಷ್ಟು ದಪ್ಪವಾಗಲಿ. ಗೋಡಂಬಿ ಪುಡಿಯ ಮೇಲೆ ಒಂದು ಟೀ ಚಮಚ, ಅದರ ಮೇಲೆ ಕಸ್ಟರ್ಡ್. ಆ ಹಣ್ಣು ತುಂಬ ಸಿಹಿ, ಪಾಕದ ಸಕ್ಕರೆ 60 ಗ್ರಾಂಗೆ ಇಳಿಸಿ. ಬೆಂದದ್ದನ್ನು ಜಾಲರಿಯ ಮೇಲೇ ಆರಿಸಿ, ಡಬ್ಬಿಗೆ ಹಾಕಿದರೆ ಕಾರವಾರದ ಗಾಳಿಗೆ ಗಂಟೆಯೊಳಗೆ ಮೆತ್ತಗಾಗುತ್ತದೆ. ಸಂಜೆಗೆ ಬೇಕಿದ್ದರೆ 165ಕ್ಕೆ ಐದು ನಿಮಿಷ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ಕಣಕ ರಬ್ಬರಾಗುತ್ತದೆ.