ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರ ಪೆಟ್ಟಿಗೆ: ಹೋಗಿಬಂದವರ ಅನುಭವ

ಹಾಸನದಿಂದ ಪ್ರಶ್ನೆ:

ಮಗಳಿಗೆ ಮುಂದಿನ ತಿಂಗಳು ಹೆರಿಗೆಯ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಹೊರಟಿದ್ದೇವೆ. ಬೆಂಗಳೂರಿನಿಂದ ದುಬೈ, ಅಲ್ಲಿ ವಿಮಾನ ಬದಲಿಸಿ ಡಲ್ಲಾಸ್. ವಿದೇಶಕ್ಕೆ ಇದೇ ಮೊದಲು. ಟಿಕೆಟ್ಟಿನಲ್ಲಿ ಸಾಮಾನಿನ ಎದುರು ‘2 ಪಿಸಿ’ ಎಂದಷ್ಟೇ ಇದೆ, ಕಿಲೋ ಲೆಕ್ಕ ಕಾಣುತ್ತಿಲ್ಲ. ಅಂಟಿನುಂಡೆ, ಬಾಣಂತಿ ಲೇಹ್ಯ, ಕೊಬ್ಬರಿ, ಗಸಗಸೆ, ತುಪ್ಪ, ಕಾಫಿಪುಡಿ, ಮಿಡಿ ಉಪ್ಪಿನಕಾಯಿ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಯಾವುದನ್ನು ಇಡಬಹುದು, ಯಾವುದನ್ನು ಬಿಡಬೇಕು? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಸಕಲೇಶಪುರದಿಂದ:

ಅಮ್ಮ, ಮೊದಲು ತೂಕದ ಮಾತು. ‘2 ಪಿಸಿ’ ಎಂದರೆ ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆ ತಲಾ ಎರಡು. ಅಮೆರಿಕದ ದಾರಿಯಲ್ಲಿ ಸಾಮಾನ್ಯ ದರ್ಜೆಯವರಿಗೆ ಹೆಚ್ಚಿನ ಕಂಪನಿಗಳು ಪೆಟ್ಟಿಗೆಯೊಂದಕ್ಕೆ 23 ಕಿಲೋ ಬಿಡುತ್ತವೆ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 158 ಸೆಂಟಿಮೀಟರ್ ಒಳಗಿರಬೇಕು. ಆದರೂ ನಿಮ್ಮ ಬುಕಿಂಗ್ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ಮಗಳಿಂದ ಖಚಿತಪಡಿಸಿಕೊಳ್ಳಿ. ಮಂಗಳೂರಿನಿಂದ ಗಲ್ಫಿಗೆ ಓಡಾಡುವ ನಮ್ಮಂಥವರಿಗೆ ಸಾಮಾನ್ಯವಾಗಿ ಒಟ್ಟು ತೂಕದ ಲೆಕ್ಕ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೂ ನಡೆಯುತ್ತದೆ. ನಿಮಗೆ ಹಾಗಲ್ಲ. ಒಂದು ಪೆಟ್ಟಿಗೆ 26, ಇನ್ನೊಂದು 20 ಕಿಲೋ ಇದ್ದರೆ 26ರದ್ದಕ್ಕೆ ಹಣ ಕೇಳುತ್ತಾರೆ. 32 ಕಿಲೋ ದಾಟಿದ್ದನ್ನು ಹಣ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಎತ್ತಿ ಇಳಿಸುವ ಕಾರ್ಮಿಕರ ಬೆನ್ನು ಉಳಿಯಬೇಕಲ್ಲ. ಕೊಕ್ಕೆ ಇರುವ ಕೈತಕ್ಕಡಿ ತಂದು ಮನೆಯಲ್ಲೇ ತೂಗಿ, 22ಕ್ಕೆ ನಿಲ್ಲಿಸಿ. ಕೈಚೀಲಕ್ಕೆ ಬಹುತೇಕ ಕಡೆ 7 ಕಿಲೋ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಗಸಗಸೆಯನ್ನು ದಯವಿಟ್ಟು ಇಡಬೇಡಿ. ನಮಗೆ ಅದು ಪಾಯಸದ ಸಾಮಾನು. ದುಬೈ ಇರುವ ಯುಎಇ ದೇಶದ ಕಾನೂನಿನಲ್ಲಿ ಮಾದಕ ವಸ್ತು, ಸಿಕ್ಕಿಬಿದ್ದರೆ ಜೈಲು. ದುಬೈಯಲ್ಲಿ ಬರೀ ವಿಮಾನ ಬದಲಿಸುತ್ತೇವೆ ಎಂಬ ಧೈರ್ಯ ಬೇಡ. ಮುಂದಿನ ವಿಮಾನ ತಪ್ಪಿ ಅಲ್ಲಿಯೇ ಉಳಿಯಬೇಕಾಗಿ ಬಂದರೆ ಪೆಟ್ಟಿಗೆಯೊಂದಿಗೆ ಕಸ್ಟಮ್ಸ್ ದಾಟಬೇಕಾಗಬಹುದು. ಗಸಗಸೆ ಬೆರೆಸಿದ ಮಸಾಲೆಪುಡಿಯೂ ಬೇಡ. ಯಜಮಾನರು ನೋವಿಗೆ ಟ್ರಮಡಾಲ್ ಅಥವಾ ಕೊಡೀನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ವೈದ್ಯರ ಬಳಿ ಮಾತನಾಡಿ. ಅಲ್ಲಿ ಅವಕ್ಕೂ ನಿರ್ಬಂಧವಿದೆ.

ಅರಸೀಕೆರೆಯಿಂದ:

ಕೊಬ್ಬರಿಯನ್ನೇ ನಂಬಿ ಬದುಕುವ ಊರಿನವನಾಗಿ ಹೇಳುತ್ತಿದ್ದೇನೆ, ಕೊಬ್ಬರಿ ಗಿಟುಕು ಬೇಡ. ಅದರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಎಣ್ಣೆಯ ಅಂಶ. ಒತ್ತಾಗಿ ತುಂಬಿಟ್ಟಾಗ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಪದಾರ್ಥಗಳ ಗುಂಪಿಗೆ ಅದನ್ನು ವಿಮಾನಯಾನದವರು ಸೇರಿಸಿದ್ದಾರೆ. 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆಟ್ಟಿಗೆಗೆ ಹಾಕುವುದಕ್ಕೂ ನಿಷೇಧವಿದೆ. ತೊಟ್ಟಿಲ ಪೂಜೆಗೆಂದು ಕರ್ಪೂರ, ಬೆಂಕಿಪೊಟ್ಟಣ, ಸಾಂಬ್ರಾಣಿ ಹೊಗೆಗೆ ಇದ್ದಿಲು ಇಟ್ಟುಕೊಂಡಿದ್ದರೆ ಅವನ್ನೂ ತೆಗೆದುಬಿಡಿ.

ಚಿಕ್ಕಮಗಳೂರಿನಿಂದ:

ಅಕ್ಕ, ನಾನೂ ಮಗಳ ಬಾಣಂತನವನ್ನು ಅಲ್ಲಿಯೇ ಮಾಡಿದವಳು. ನಿಮ್ಮ ಪಟ್ಟಿ ಓದಿದರೆ ನಮ್ಮ ಮನೆಯ ಪಟ್ಟಿಯನ್ನೇ ಓದಿದಂತಾಯಿತು. ನನ್ನ ಅಭಿಪ್ರಾಯವೆಂದರೆ, ಅಲ್ಲಿ ಸಿಗುವುದನ್ನು ಇಲ್ಲಿಂದ ಹೊರಬೇಡಿ. ಡಲ್ಲಾಸಿನ ಸುತ್ತಮುತ್ತ ಭಾರತೀಯ ಅಂಗಡಿಗಳು ಬೇಕಾದಷ್ಟಿವೆ. ತುಪ್ಪ, ಬೆಲ್ಲ, ಕೊಬ್ಬರಿತುರಿ, ಉತ್ತುತ್ತೆ ಎಲ್ಲವೂ ಸಿಗುತ್ತವೆ. ತಿನ್ನುವ ಅಂಟನ್ನು ಮಾತ್ರ ಒಯ್ದು ಉಂಡೆಯನ್ನು ಅಲ್ಲಿಯೇ ಕಟ್ಟಿ. ಮಗಳ ಬಾಯಿಗೆ ಬಿಸಿಬಿಸಿಯಾಗಿ ಬೀಳುತ್ತದೆ. ಲೇಹ್ಯವನ್ನು ಮನೆಯ ಡಬ್ಬಿಯಲ್ಲಿ ತುಂಬಬೇಡಿ, ಹೆಸರು ಮತ್ತು ಪದಾರ್ಥಗಳನ್ನು ಮುದ್ರಿಸಿದ, ಮೊಹರು ಒಡೆಯದ ಡಬ್ಬಿಯನ್ನೇ ಕೊಳ್ಳಿ. ಅವಳ ವೈದ್ಯರಿಗೂ ಒಮ್ಮೆ ತೋರಿಸಿ.

ಇಲ್ಲಿಂದಲೇ ಒಯ್ಯಬೇಕಾದದ್ದು ಕಾಫಿಪುಡಿ. ಹೊರಡುವ ಎರಡು ದಿನ ಮೊದಲು ಪುಡಿ ಮಾಡಿಸಿ, ಅರ್ಧರ್ಧ ಕಿಲೋ ಪೊಟ್ಟಣಗಳಿಗೆ ಅಂಗಡಿಯಲ್ಲೇ ಮೊಹರು ಹಾಕಿಸಿ, ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ 350 ಮಿಲಿಲೀಟರ್ ಡಬ್ಬಿಯಷ್ಟು ಮೀರಿದರೆ ಬಿಚ್ಚಿಸಿ ನೋಡುತ್ತಾರೆ. ಮನೆಯ ಸಾರಿನಪುಡಿ, ಚಟ್ನಿಪುಡಿಗಳ ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ.

ಮಿಡಿ ಉಪ್ಪಿನಕಾಯಿಗೆ ಗಾಜಿನ ಭರಣಿ ಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಸಾಕು. ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಡಿ. ಬಾಯಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿ, ಮುಚ್ಚಳ ಬಿಗಿದು ಸುತ್ತಲೂ ಟೇಪ್ ಹಾಕಿ. ಆಮೇಲೆ ವೃತ್ತಪತ್ರಿಕೆಯ ಮೇಲೆ ರಾತ್ರಿಯಿಡೀ ಬೋರಲಾಗಿ ಇಡಿ. ಬೆಳಗ್ಗೆ ಕಾಗದದ ಮೇಲೆ ಎಣ್ಣೆಯ ಕಲೆ ಕಂಡರೆ ಡಬ್ಬಿಯನ್ನೇ ಬದಲಿಸಿ. ಕಲೆ ಇಲ್ಲದಿದ್ದರೆ ಎರಡು ಕವರು ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಹಳೆಯ ಹತ್ತಿಸೀರೆಗಳ ಮಧ್ಯೆ ಕೂರಿಸಿ. ಆ ಸೀರೆಗಳು ಮುಂದೆ ಮಗುವನ್ನು ಸುತ್ತುವುದಕ್ಕೆ ಬರುತ್ತವೆ. ಹಾಗೆ ಇಟ್ಟ ಡಬ್ಬಿ ನಮ್ಮಲ್ಲಿ ಒಂದೂ ಸೋರಿಲ್ಲ.

ಹಸಿ ಕರಿಬೇವು ಬೇಡವೇ ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರೊಂದಿಗೆ ಬರುತ್ತದೆಂದು ಅಮೆರಿಕದಲ್ಲಿ ನಿಷೇಧಿಸಿದ್ದಾರೆ. ಕಡುಬಿಗೆಂದು ಅಕ್ಕಿ ಕಟ್ಟಿಕೊಳ್ಳಬೇಡಿ, ಧಾನ್ಯದ ಹುಳುವಿನ ಕಾರಣಕ್ಕೆ ಅದನ್ನೂ ಬಿಡುವುದಿಲ್ಲ. ತಾಜಾ ಹಣ್ಣು ಬೇಡ, ಮಾಂಸದ ಉಪ್ಪಿನಕಾಯಿ ಕೂಡ ಬೇಡ. ಡಲ್ಲಾಸಿನಲ್ಲಿ ಅಧಿಕಾರಿ ಆಹಾರ ಪದಾರ್ಥವಿದೆಯೇ ಎಂದು ಕೇಳಿದರೆ ಹೆದರದೆ ‘ಇದೆ’ ಎನ್ನಿ, ಪಟ್ಟಿ ತೋರಿಸಿ. ಹೇಳಿದ ಮೇಲೂ ಒಪ್ಪಿಗೆಯಾಗದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟರೆ ದಂಡ ಹಾಕುತ್ತಾರೆ.

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ಕೊಬ್ಬರಿ, ಗಸಗಸೆಗಳನ್ನು ಇವತ್ತೇ ಹೊರಗಿಟ್ಟೆ. ತೋಟದ ಕಾಳುಮೆಣಸು, ಏಲಕ್ಕಿ, ಜೊತೆಗೆ ಅಳಿಯನಿಗೆ ಆಸೆಯಿದೆಯೆಂದು ಒಂದು ಮೆಣಸಿನ ಬಳ್ಳಿಯ ತುಂಡನ್ನೂ ಒಯ್ಯೋಣವೆಂದು ಯಜಮಾನರು ಹೇಳುತ್ತಿದ್ದಾರೆ. ನನ್ನ ಬಳೆಗಳ ವಿಷಯವೂ ಗೊತ್ತಾಗಬೇಕು.

ಮೂಡಿಗೆರೆಯಿಂದ:

ಚೆನ್ನಾಗಿ ಒಣಗಿದ ಕಾಳುಮೆಣಸು, ಏಲಕ್ಕಿಗೆ ತೊಂದರೆಯಿಲ್ಲ, ಕೇಳಿದಾಗ ಹೇಳಿದರಾಯಿತು. ಬಳ್ಳಿಯನ್ನು ಮಾತ್ರ ಬಿಟ್ಟುಬಿಡಲು ಹೇಳಿ ಅಮ್ಮ. ನೆಡುವ ಸಸ್ಯಕ್ಕೆ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮೈಮೇಲೆ ಹೆಚ್ಚು ಚಿನ್ನವಿದ್ದರೆ ಹೊರಡುವಾಗಲೇ ಬೆಂಗಳೂರಿನ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮರಳಿ ಬರುವಾಗ ಹೊಸದಾಗಿ ಕೊಂಡದ್ದೇ ಎಂಬ ಪ್ರಶ್ನೆ ಏಳುವುದಿಲ್ಲ. ಅದಕ್ಕೆ ಸಮಯ ಹಿಡಿಯುತ್ತದೆ, ಹಾಸನದಿಂದ ಬೇಗ ಹೊರಡಿ.

ಪವರ್ ಬ್ಯಾಂಕ್, ಮಾತ್ರೆಗಳು, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ದ್ರವ ಪದಾರ್ಥ 100 ಮಿಲಿಲೀಟರ್ ಮೀರಿದ ಬಾಟಲಿಯಲ್ಲಿದ್ದರೆ ಕೈಚೀಲಕ್ಕೆ ಬೇಡ. ಮಂಡಿನೋವಿದ್ದರೆ ಗಾಲಿಕುರ್ಚಿಯನ್ನು ಈಗಲೇ ಕೇಳಿಡಿ, ಅದಕ್ಕೆ ಹಣವಿಲ್ಲ. ಪೆಟ್ಟಿಗೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ನಮ್ಮ ಪೆಟ್ಟಿಗೆಯೊಂದರ ಗಾಲಿ ಮುರಿದು ಬಂದಾಗ, ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿದ್ದರಿಂದ ದುರಸ್ತಿಯ ಖರ್ಚು ಬಂತು. ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕೌಂಟರಿನಲ್ಲಿ ಅಂಟಿಸಿಕೊಡುವ ಚೀಟಿಗಳನ್ನು ಮಗಳ ಮನೆ ಸೇರುವವರೆಗೆ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.